ಡೆಕ್ (ಮನೆಗೆ ಹೊಂದಿಕೊಂಡ ಮರದ ಜಗಲಿ) ರೇಲಿಂಗ್‌ನ ಮರದ ಪಟ್ಟಿಗಳನ್ನು ಸಮ ಅಂತರದಲ್ಲಿ ನಿಲ್ಲಿಸುವುದು ಹೇಗೆ?

ಅಮೆರಿಕದ ಬಹುತೇಕ ಕಡೆ ನಿಯಮ ಸರಳ: 4 ಇಂಚು ವ್ಯಾಸದ ಚೆಂಡು ಎರಡು ಪಟ್ಟಿಗಳ ನಡುವೆ ತೂರಬಾರದು. ಪುಟ್ಟ ಮಗು ನುಸುಳದಿರಲೆಂದು ಈ ಲೆಕ್ಕ.

ನಿಮ್ಮ ಕಂಬಗಳ ನಡುವೆ 72 ಇಂಚು, ಪಟ್ಟಿಯ ಅಗಲ ಒಂದೂವರೆ ಇಂಚು ಎಂದುಕೊಳ್ಳಿ. 72ರಲ್ಲಿ ಕೊನೆಯ ಸಂದಿನ 4 ಕಳೆದು, ಒಂದು ಪಟ್ಟಿ ಮತ್ತು ಒಂದು ಸಂದು ಸೇರಿದ ಐದೂವರೆಯಿಂದ ಭಾಗಿಸಿದರೆ 12.36; ಅಂದರೆ 13 ಪಟ್ಟಿ ಬೇಕು. ಅವು ನುಂಗುವ ಜಾಗ 19.5 ಇಂಚು, ಉಳಿಯುವುದು 52.5. ಇದನ್ನು 13ರಿಂದಲ್ಲ, 14ರಿಂದ ಭಾಗಿಸಿ. ಪಟ್ಟಿಗಿಂತ ಸಂದು ಯಾವಾಗಲೂ ಒಂದು ಹೆಚ್ಚು. ನಾನು ಮೊದಲ ಸಲ ಎಡವಿದ್ದೂ ಇಲ್ಲಿಯೇ. ಪ್ರತಿ ಸಂದು 3.75 ಇಂಚು.

ಅಷ್ಟೇ ಅಗಲದ ಮರದ ತುಂಡನ್ನು ನಡುವೆ ಇಟ್ಟುಕೊಂಡು ಸ್ಕ್ರೂ ಬಿಗಿಯಿರಿ. ಆದರೆ ಕೂದಲೆಳೆಯಷ್ಟು ತಪ್ಪೂ ಸೇರುತ್ತಾ ಹೋಗಿ ಕೊನೆಯ ಸಂದಿನಲ್ಲಿ ಎದ್ದು ಕಾಣುತ್ತದೆ. ಮೊದಲೇ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಹಸಿ ಮರ ಒಣಗಿ ಕುಗ್ಗಿದಂತೆ ಸಂದು ಹಿಗ್ಗುವುದರಿಂದ ಅಳೆದು 4 ಇಂಚನ್ನೇ ಇಡಬೇಡಿ.