ಚುಕ್ಕೆ ಇರೋ ಚಿಟ್ಟೆ, ಚುಕ್ಕೆ ಇಲ್ಲದ ಚಿಟ್ಟೆ: ಜಾತಿ ಒಂದಾ, ಎರಡಾ?

ಬಹುಶಃ ಇದು ಋತುವಿನ ಆಟ, ಜಾತಿ ಒಂದೇ. ಶ್ರಾವಣದಲ್ಲಿ ಚಿತ್ತಾಪುರದ ಹೊಲದ ಬದುವಿನಲ್ಲಿ ಕಂಡ ಕಂದು ಚಿಟ್ಟೆಯ ರೆಕ್ಕೆ ಕೆಳಗೆ ಕಣ್ಣಿನಂಥ ಚುಕ್ಕೆಗಳಿದ್ದವು, ದೀಪಾವಳಿ ಆದಮೇಲೆ ಕಂಡದ್ದು ಒಣ ಎಲೆಯ ಹಾಗಿತ್ತು ಅಂದಿದ್ದೀರಿ. ಮುಸ್ಸಂಜೆಗೇ ಹಾರುತ್ತೆ ಅಂದರೆ ಅದು ಕಾಮನ್ ಈವ್ನಿಂಗ್ ಬ್ರೌನ್ ಇರಬೇಕು. ಫೋಟೊ ಇಲ್ಲದೆ ಖಚಿತವಾಗಿ ಹೇಳಲಾರೆ.

ಹುಳು ಬೆಳೆಯುವಾಗಿನ ಸೆಕೆ, ಚಳಿ ನೋಡಿಕೊಂಡು ರೆಕ್ಕೆಯ ಚಿತ್ರ ತೀರ್ಮಾನ ಆಗುತ್ತದೆ. ಇದರ ದೂರದ ನೆಂಟ, ಆಫ್ರಿಕಾದ ಬೈಸಿಕ್ಲಸ್ ಅನಿನಾನ ಚಿಟ್ಟೆಯನ್ನು ಲ್ಯಾಬಿನಲ್ಲಿ 27 ಡಿಗ್ರಿಯಲ್ಲಿ ಸಾಕಿದರೆ ದೊಡ್ಡ ಚುಕ್ಕೆ, 20ಕ್ಕಿಂತ ಕಡಿಮೆ ಇದ್ದರೆ ಪುಟಾಣಿ ಚುಕ್ಕೆ. ಜೀನ್ ಅವೇ, ಹಾರ್ಮೋನ್ ಏರುವ ಹೊತ್ತು ಬೇರೆ.

ನೀವೇ ನೋಡಬೇಕಾ? ಮೊದಲು ಒಂದು ಹೆಣ್ಣನ್ನು ಜೋಳದ ಸಸಿ ಇರೋ ಕುಂಡದ ಮೇಲೆ ಸೊಳ್ಳೆಪರದೆ ಕಟ್ಟಿ ಬಿಡಿ. ಎಲೆ ಕೆಳಗೆ ಮೊಟ್ಟೆ ಇಡುತ್ತೆ. ಹಸಿರು ಹುಳು, ತಲೆ ಮೇಲೆ ಎರಡು ಕೋಡು, ನೋಡೋಕೆ ಭಾರಿ ಚೆಂದ. ಆಮೇಲೆ ಅವನ್ನು ಎರಡು ಪಾಲು ಮಾಡಿ: ಒಂದನ್ನು 27 ಡಿಗ್ರಿಯಲ್ಲಿ, ಇನ್ನೊಂದನ್ನು 18ರ ಆಸುಪಾಸಿನಲ್ಲಿ ಇಡಿ. ಕಾಲೇಜಿನ ಇನ್‌ಕ್ಯುಬೇಟರ್ (ಒಳಗಿನ ಉಷ್ಣತೆ ಒಂದೇ ಮಟ್ಟದಲ್ಲಿ ಇಡುವ ಪೆಟ್ಟಿಗೆ) ಕೇಳಿ, ಕಲಬುರಗಿ ಸೆಕೆಯಲ್ಲಿ ಮನೆಯೊಳಗೆ ಇದು ಆಗೋ ಮಾತಲ್ಲ. ಕೋಶದಿಂದ ಚಿಟ್ಟೆ ಹೊರಬರುವ ತನಕ ಜಾಗ ಬದಲಿಸಬೇಡಿ.

ಒಂದೇ ತಾಯಿಯ ಮಕ್ಕಳಲ್ಲಿ ಎರಡೂ ರೂಪ ಬಂದರೆ ಜಾತಿ ಒಂದೇ, ಅನುಮಾನ ಬೇಡ. ಎಲ್ಲವೂ ಒಂದೇ ಥರ ಬಂದರೆ ಮಾತ್ರ ಸುಮ್ನೆ "ಎರಡು ಜಾತಿ" ಅಂತ ಬರೆದುಬಿಡಬೇಡಿ. ಚಳಿ ಸಾಲದೇ ಇರಬಹುದು. ಜಾತಿ ಬೇರೆ ಅನ್ನೋಕೆ ಎರಡೂ ಕೂಡುವುದಿಲ್ಲ, ಅಥವಾ ಕೂಡಿದರೂ ಮರಿಗಳು ಬಾಳುವುದಿಲ್ಲ, ಇಲ್ಲವೇ ಬಂಜೆಯಾಗುತ್ತವೆ ಅಂತ ತೋರಿಸಬೇಕು.