ಸಂಜೆ ಐದು ಗಂಟೆಗೆ ಹೋಗಿ ನೋಡಿ

ನಿಮ್ಮ ಪ್ರಶ್ನೆ ಓದಿ ನಿನ್ನೆ ರಾತ್ರಿಯೇ ಬರೆಯೋಣ ಅಂತ ಕೂತೆ, ಆಗಲಿಲ್ಲ. ಅಪ್ಪನ ನೆನಪು ಬಂತು. ಮದುವೆಯಾಗಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದು ಎಂಟು ತಿಂಗಳು, ಅತ್ತೆಯವರಿಗೆ ಆಲ್ಝೈಮರ್ಸ್, ಎರಡು ಸಲ ನಡುರಾತ್ರಿ ಬಾಗಿಲು ತೆಗೆದು ರಸ್ತೆಗೆ ಹೋಗಿಬಿಟ್ಟಿದ್ದಾರೆ, ಡಾಕ್ಟರು ಮೆಮೊರಿ ಕೇರ್, ಅಂದರೆ ಮರೆವಿನ ಕಾಯಿಲೆಯವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆ, ನೋಡಿ ಅಂದಿದ್ದಾರೆ, ಮೂರು ಕಡೆ ಹೋಗಿ ಬಂದಿರಿ, ಮೂರೂ ದೊಡ್ಡ ಹೋಟೆಲಿನ ಹಾಗೆ ಕಂಡವು. "ಯಾವುದು ಒಳ್ಳೇದು ಅಂತ ಹೇಗೆ ಗೊತ್ತಾಗುತ್ತೆ ಅಕ್ಕ?" ಅಂತ ಕೇಳಿದ್ದೀರಿ. ನಾನು ಈ ಊರಿಗೆ ಬಂದು 22 ವರ್ಷವಾಯಿತು. ನಮ್ಮಪ್ಪ ಇಲ್ಲಿ ಇಂಥ ಎರಡು ಮನೆಗಳಲ್ಲಿದ್ದರು. ಒಂದರಲ್ಲಿ ಐದು ತಿಂಗಳು, ಇನ್ನೊಂದರಲ್ಲಿ ಮೂರು ವರ್ಷ, ಕೊನೆಯವರೆಗೂ. ಮೊದಲನೆಯದನ್ನು ಆರಿಸುವಾಗ ನಾನು ನೋಡಿದ್ದು ಪಿಯಾನೊ, ಹೂವಿನ ಕುಂಡ, ಮುಂಬಾಗಿಲಲ್ಲಿ ನಗುತ್ತಾ ನಿಂತಿದ್ದ ಹುಡುಗಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಮೈಸೂರಿನಿಂದ ಫೋನ್ ಮಾಡಿ "ಹೆತ್ತ ತಾಯಿಯನ್ನ ಹೊರಗೆ ಹಾಕ್ತೀರಾ" ಅಂದವರು ರಾತ್ರಿ ಎರಡು ಗಂಟೆಗೆ ಅವರ ಹಿಂದೆ ರಸ್ತೆಯಲ್ಲಿ ಓಡಿದವರಲ್ಲ. ನಾವೂ ಒಂದು ಕಾಲದಲ್ಲಿ ಅರವತ್ತಕ್ಕೆ ಅರಳು ಮರಳು ಅಂತ ಹೇಳಿ ಸುಮ್ಮನಾದವರೇ. ಇದು ಅದಲ್ಲ, ಮಿದುಳಿನ ಕಾಯಿಲೆ, ದಿನಾ ಜಾಸ್ತಿಯಾಗುವ ಕಾಯಿಲೆ. ಊರಿಗೇ ಕಳಿಸಿಬಿಡಿ ಅನ್ನುವವರಿಗೂ ಒಂದು ವಿಷಯ ಗೊತ್ತಿರಲಿ: ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥವರು ಡಿಮೆನ್ಷಿಯಾದವರಿಗೆ, ಅಂದರೆ ಇಂಥ ಮರೆವಿನ ಕಾಯಿಲೆಯವರಿಗೆ, ಅಂತಲೇ ಕೇಂದ್ರ ನಡೆಸುತ್ತಾರೆ. ಅಂದರೆ ಅಲ್ಲಿಯ ಕುಟುಂಬಗಳಿಗೂ ಇದು ಬೇಕಾಗಿದೆ. ನೀವು ತಪ್ಪು ಮಾಡುತ್ತಿಲ್ಲ.

ಈಗ ವಿಷಯಕ್ಕೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ ಮೆಮೊರಿ ಕೇರ್ ಅನ್ನುವುದು ನರ್ಸಿಂಗ್ ಹೋಮ್ ಅಲ್ಲ (ಇಲ್ಲಿ ನರ್ಸಿಂಗ್ ಹೋಮ್ ಅಂದರೆ ನಮ್ಮೂರಿನ ಸಣ್ಣ ಆಸ್ಪತ್ರೆಯಲ್ಲ, ನರ್ಸ್‌ಗಳ ಆರೈಕೆ ಬೇಕಾದವರು ಇರುವ ಜಾಗ). ಇದಕ್ಕೆ ಲೈಸೆನ್ಸ್ ಕೊಡುವುದು ರಾಜ್ಯದ ಸೋಷಿಯಲ್ ಸರ್ವೀಸಸ್ ಇಲಾಖೆ, ಆರ್‌ಸಿಎಫ್‌ಇ ಅನ್ನುವ ಹೆಸರಿನಲ್ಲಿ, ಅಂದರೆ ವಯಸ್ಸಾದವರು ಇದ್ದು ಆರೈಕೆ ಪಡೆಯುವ ಮನೆ ಅಂತ. ಮೆಡಿಕೇರ್ (ವಯಸ್ಸಾದವರಿಗೆ ಇಲ್ಲಿಯ ಸರ್ಕಾರದ ಆರೋಗ್ಯ ವಿಮೆ) ವೆಬ್‌ಸೈಟಿನಲ್ಲಿ ನೀವು ನೋಡಿದ ಐದು ಸ್ಟಾರ್‌ಗಳ ಲೆಕ್ಕ ನರ್ಸಿಂಗ್ ಹೋಮ್, ಆಸ್ಪತ್ರೆಯಂಥವಕ್ಕೆ. ಅದರಲ್ಲಿ ಇವುಗಳ ಹೆಸರೇ ಇರುವುದಿಲ್ಲ, ಹುಡುಕಿ ಸುಸ್ತಾಗಬೇಡಿ. ಇನ್ನೊಂದು, ಇಂಥ ಮನೆಯಲ್ಲಿ 24 ಗಂಟೆಯೂ ನರ್ಸ್ ಇರಲೇಬೇಕು ಅಂತ ಇಲ್ಲ. ಮಾತ್ರೆ ಕೊಡುವವರು ಸಾಮಾನ್ಯವಾಗಿ ತರಬೇತಿ ಪಡೆದ ಸಹಾಯಕರು, ಮೆಡ್ ಟೆಕ್ ಅನ್ನುತ್ತಾರೆ. ನಾನು ಮೊದಲ ತಿಂಗಳು ಬಿಳಿ ಕೋಟು ಹಾಕಿದವರನ್ನೆಲ್ಲ ನರ್ಸ್ ಅಂದುಕೊಂಡಿದ್ದೆ. ನೇರವಾಗಿ ಕೇಳಿ: ನರ್ಸ್ ಯಾವ ದಿನ, ಎಷ್ಟು ಹೊತ್ತು ಇರುತ್ತಾರೆ, ರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಹೋಗುತ್ತೆ ಅಂತ.

ಲೈಸೆನ್ಸ್ ಇಲಾಖೆಯವರ ತಪಾಸಣೆ ವರದಿಗಳು ಅವರ ವೆಬ್‌ಸೈಟಿನಲ್ಲೇ ಸಿಗುತ್ತವೆ. ಮನೆಯ ಹೆಸರು ಹಾಕಿದರೆ ಬರುತ್ತವೆ. ಟೈಪ್ ಎ ಅಂತ ಬರೆದಿದ್ದರೆ ಅಲ್ಲಿದ್ದವರ ಆರೋಗ್ಯಕ್ಕೋ ಜೀವಕ್ಕೋ ಆಗಲೇ ಅಪಾಯ ಇತ್ತು ಅಂತ ಅರ್ಥ. ಟೈಪ್ ಬಿ ಅಂದರೆ ಸರಿಮಾಡದಿದ್ದರೆ ಮುಂದೆ ಅಪಾಯವಾಗಬಹುದು ಅಂತ. ಒಂದೂ ತಪ್ಪಿಲ್ಲದ ಮನೆ ಸಿಗುವುದು ಕಷ್ಟ, ಅದಕ್ಕೆ ಹೆದರಬೇಡಿ. ಅದೇ ತಪ್ಪು ಮತ್ತೆ ಮತ್ತೆ ಬಂದಿದೆಯಾ ನೋಡಿ. ಯಾರೋ ಹೊರಗೆ ಹೋಗಿಬಿಟ್ಟರು, ಯಾರದೋ ಮಾತ್ರೆ ಯಾರಿಗೋ ಕೊಟ್ಟರು, ಹೀಗೆ ಎರಡು ಮೂರು ವರ್ಷ ಅದೇ ಕಥೆಯಾದರೆ ಆ ಮನೆ ಬೇಡ. ನಿಮ್ಮ ಅತ್ತೆಯವರು ಬಾಗಿಲು ತೆಗೆಯುವವರಾದ್ದರಿಂದ ಇದನ್ನು ಎರಡೆರಡು ಸಲ ಓದಿ.

ಆಮೇಲೆ, ಸಂಜೆ ಹೋಗಿ. ಬೆಳಗ್ಗೆ ಹತ್ತೂವರೆಗೆ ಅಪಾಯಿಂಟ್‌ಮೆಂಟ್ ಕೊಡುತ್ತಾರಲ್ಲ, ಆಗ ಎಲ್ಲ ಮನೆಯೂ ಚೆನ್ನಾಗಿಯೇ ಇರುತ್ತದೆ. ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಈ ಕಾಯಿಲೆಯವರಿಗೆ ತುಂಬ ಕಷ್ಟದ ಹೊತ್ತು. ಬೆಳಕು ಇಳಿಯುತ್ತಿದ್ದ ಹಾಗೆ ಚಡಪಡಿಕೆ ಜಾಸ್ತಿಯಾಗುತ್ತದೆ, ಇಲ್ಲಿ ಸನ್‌ಡೌನಿಂಗ್ ಅನ್ನುತ್ತಾರೆ. ಹಗಲಿನವರು ಆಗಲೇ ಮನೆಗೆ ಹೋಗಿರುತ್ತಾರೆ, ಮ್ಯಾನೇಜರೂ ಹೊರಟಿರುತ್ತಾರೆ, ಇದ್ದ ಕೆಲವರೇ ಊಟವನ್ನೂ ಬಡಿಸಬೇಕು. ಆ ಹೊತ್ತಿನಲ್ಲಿ ಅಳುತ್ತಿರುವವರ ಪಕ್ಕ ಯಾರಾದರೂ ಕೂತಿದ್ದಾರಾ, ಇಲ್ಲ ಎಲ್ಲರನ್ನೂ ಗಾಲಿಕುರ್ಚಿಯಲ್ಲಿ ಟಿವಿ ಮುಂದೆ ಸಾಲಾಗಿ ನಿಲ್ಲಿಸಿದ್ದಾರಾ? ನನಗೆ ಗೊತ್ತಿರುವ ಪರೀಕ್ಷೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ.

ಅಪ್ಪ ಅರಸೀಕೆರೆಯಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಮೂವತ್ತು ವರ್ಷ ತಿಪಟೂರಿನಿಂದ ಬಸ್ಸಿನಲ್ಲಿ ಓಡಾಡಿದರು. ಕಾಯಿಲೆ ಮುಂದುವರಿದ ಮೇಲೆ ದಿನಾ ಐದು ಗಂಟೆಗೆ ಎದ್ದು ಬಾಗಿಲ ಹತ್ತಿರ ಹೋಗಿ "ಬಸ್ಸು ಹೊರಟುಹೋಯ್ತಾ? ಮನೇಲಿ ಕಾಯ್ತಿರ್ತಾರೆ" ಅನ್ನುವರು. ಮೊದಲನೆಯ ಮನೆಯಲ್ಲಿ ಅವರಿಗೆ ಸಿಗುತ್ತಿದ್ದ ಉತ್ತರ ಒಂದೇ, ಯಾವ ಬಸ್ಸೂ ಇಲ್ಲ, ನೀವು ಈಗ ಇಲ್ಲೇ ಇರುವುದು, ಹೋಗಿ ಕೂತುಕೊಳ್ಳಿ. ಅದೂ ಇಂಗ್ಲಿಷಿನಲ್ಲಿ. ಅಪ್ಪ ಬಾಗಿಲು ಬಡಿಯುವರು, ಅವರು ಕೈ ಹಿಡಿದು ಎಳೆಯುವರು, ಅಪ್ಪ ತಳ್ಳುವರು. ಆಮೇಲೆ ಫೈಲಿನಲ್ಲಿ "ಹೊಡೆಯುತ್ತಾರೆ" ಅಂತ ಬರೆದರು. ಜೀವಮಾನದಲ್ಲಿ ಒಬ್ಬ ಹುಡುಗನಿಗೂ ಬೆತ್ತ ಎತ್ತದ ಮನುಷ್ಯ.

ಎರಡನೆಯದು ಹೇವರ್ಡ್ ಕಡೆ ಆರು ಹಾಸಿಗೆಯ ಒಂದು ಸಾಮಾನ್ಯ ಮನೆ. ಅಲ್ಲಿ ಫಿಲಿಪೀನ್ಸಿನಿಂದ ಬಂದ ಒಬ್ಬ ಹೆಂಗಸು ನೋಡಿಕೊಳ್ಳುತ್ತಿದ್ದರು. ನಾನು ನೋಡಲು ಹೋದ ದಿನ ಸಂಜೆ ಬೇರೊಬ್ಬ ಅಜ್ಜಿ "ನಮ್ಮಮ್ಮ ಎಲ್ಲಿ" ಅಂತ ಅಳುತ್ತಿದ್ದರು. ಆಕೆ ಅಮ್ಮ ಸತ್ತುಹೋದರು ಅನ್ನಲಿಲ್ಲ, ಬರ್ತಾರೆ ಅಂತಲೂ ಅನ್ನಲಿಲ್ಲ. ಪಕ್ಕದಲ್ಲಿ ಕೂತು ಟವೆಲ್ ಮಡಿಸುತ್ತಾ "ನಿಮ್ಮಮ್ಮ ಏನು ಅಡುಗೆ ಮಾಡ್ತಿದ್ದರು?" ಅಂತ ಕೇಳಿದರು. ಐದು ನಿಮಿಷದಲ್ಲಿ ಅಜ್ಜಿಯೂ ಟವೆಲ್ ಮಡಿಸುತ್ತಿದ್ದರು. ನಾನು ಅಲ್ಲೇ ತೀರ್ಮಾನ ಮಾಡಿದೆ. ಅಪ್ಪ ಅಲ್ಲಿಗೆ ಹೋದ ಎರಡನೇ ವಾರ, ನಾನು ಹೋದಾಗ, ಆಕೆ ಬಾಗಿಲ ಹತ್ತಿರ ಎರಡು ಕುರ್ಚಿ ಹಾಕಿ ಅಪ್ಪನ ಜೊತೆ ಕೂತಿದ್ದರು. "ಬಸ್ಸು ಲೇಟು ಸರ್. ಕಾಫಿ?" ಅಂದರು, ಕನ್ನಡದಲ್ಲಿ. ಅಪ್ಪ "ಸರಿ, ಕುಡಿದೇ ಹೋಗೋಣ" ಅಂದರು.

ಆ ಕನ್ನಡ ಎಲ್ಲಿಂದ ಬಂತು ಅಂದರೆ ನಾನು ಕೊಟ್ಟ ಒಂದು ಹಾಳೆಯಿಂದ. ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿಹೋಗುವುದು ತುಂಬ ಜನರಲ್ಲಿ ಆಗುತ್ತದೆ. ಅಪ್ಪನಿಗೆ ಇಂಗ್ಲಿಷ್ ಹೋಗಿ ಕನ್ನಡ ಮಾತ್ರ ಉಳಿದಿತ್ತು. ಇಲ್ಲಿ ಕನ್ನಡ ಬರುವ ಮನೆ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಹಾಗಾಗಿ ಒಂದು ಹಾಳೆಯಲ್ಲಿ ಮೂವತ್ತು ಪದ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಅರ್ಥ ಹಾಕಿ, ಮಂಚದ ಮೇಲಿನ ಗೋಡೆಗೆ ಅಂಟಿಸಿದೆ. ನೀರು, ಊಟ, ನೋವು, ಚಳಿ, ಬನ್ನಿ, ಕೂತ್ಕೊಳ್ಳಿ, ಸಾಕಾ. ಅಪ್ಪ ಬಾತ್‌ರೂಮಿಗೆ "ಹಿತ್ತಲಿಗೆ ಹೋಗಬೇಕು" ಅನ್ನುತ್ತಿದ್ದರು. ಮೊದಲನೇ ಮನೆಯಲ್ಲಿ ಅದು ಯಾರಿಗೂ ಗೊತ್ತಾಗದೆ ಬಟ್ಟೆಯಲ್ಲೇ ಆಗಿಬಿಡುತ್ತಿತ್ತು. ಅದಕ್ಕೆ ಡೈಪರ್ ಹಾಕಿದರು, ಹಿಡಿತ ತಪ್ಪಿದೆ ಅಂದರು, ತಿಂಗಳ ಬಿಲ್ ಏರಿಸಿದರು. ತಪ್ಪಿದ್ದು ಒಂದು ಪದ. ನೀವು ನೋಡುವ ಮನೆಯವರಿಗೆ ಇಂಥ ಹಾಳೆ ತರ್ತೀನಿ ಅಂತ ಹೇಳಿ ನೋಡಿ. "ಕೊಡಿ, ಎಲ್ಲಿ ಅಂಟಿಸೋಣ" ಅಂದರೆ ಒಂದು ರೀತಿ, "ಅನುವಾದಕ್ಕೆ ಆ್ಯಪ್ ಇದೆಯಲ್ಲ" ಅಂದರೆ ಇನ್ನೊಂದು ರೀತಿ.

ಊಟದ ಹೊತ್ತಿಗೂ ಅಲ್ಲಿರಿ. ಸಸ್ಯಾಹಾರ ಇದೆಯಾ ಅಂದರೆ ಎಲ್ಲರೂ ಇದೆ ಅನ್ನುತ್ತಾರೆ. ಮೊದಲನೇ ಮನೆಯಲ್ಲಿ ಬಂದಿದ್ದು ನೋಡಿದರೆ ತಣ್ಣಗಿನ ಚೀಸ್ ಸ್ಯಾಂಡ್‌ವಿಚ್ಚು, ಹಸಿ ಸೊಪ್ಪು. ಅಪ್ಪನ ಮುಂದೆ ಫೋರ್ಕ್ ಇಟ್ಟು ಹೋಗುತ್ತಿದ್ದರು, ಅವರಿಗೆ ಅದೇನು ಅಂತಲೇ ಮರೆತುಹೋಗಿತ್ತು, ಸುಮ್ನೆ ನೋಡುತ್ತಾ ಕೂರುವರು, ಅರ್ಧ ಗಂಟೆಗೆ ತಟ್ಟೆ ಎತ್ತಿಕೊಂಡು ಹೋಗಿ "ಬೇಡ ಅಂದರು" ಅಂತ ಬರೆಯುವರು. ಐದು ತಿಂಗಳಲ್ಲಿ ಆರು ಕೆಜಿ ಇಳಿದರು. ಆರು ಕೆಜಿ! ನನಗೆ ಗೊತ್ತಾಗಿದ್ದು ಸೊಂಟದಲ್ಲಿ ಪ್ಯಾಂಟ್ ನಿಲ್ಲದೇ ಹೋದಾಗ. ತೂಕದ ಪುಸ್ತಕ ಇಟ್ಟಿದ್ದೀರಾ, ಎಷ್ಟು ದಿನಕ್ಕೊಮ್ಮೆ ತೂಗುತ್ತೀರಾ, ಇಳಿದರೆ ಯಾರಿಗೆ ಹೇಳುತ್ತೀರಾ ಅಂತ ಕೇಳಿ. ಕೈಯಲ್ಲಿ ಊಟ ಮಾಡಿದರೆ ಪರವಾಗಿಲ್ವಾ ಅಂತಲೂ ಕೇಳಿ, ಮುಖ ನೋಡಿ. ಹೇವರ್ಡ್ ಮನೆಯಲ್ಲಿ ನಾನು ವಾರಕ್ಕೆರಡು ಸಲ ಸಾರು, ಪಲ್ಯ ಕೊಟ್ಟು ಬರುತ್ತಿದ್ದೆ, ಅನ್ನ ಅವರೇ ಬಿಸಿ ಮಾಡಿ ಕಲಸಿ ಮುಂದಿಡುತ್ತಿದ್ದರು. ಅನ್ನಕ್ಕೆ ಕೈ ಹಾಕಿದ ತಕ್ಷಣ ಬೆರಳುಗಳಿಗೆ ಎಲ್ಲ ನೆನಪಿತ್ತು. ತುತ್ತು ಮಾಡಿ ತಾವೇ ತಿಂದರು.

ಮಾತ್ರೆ ವಿಷಯದಲ್ಲಿ ಎಚ್ಚರ. ರಿಸ್ಪೆರಿಡೋನ್, ಕ್ವೆಟಿಯಾಪಿನ್ ಥರದ ಮಾನಸಿಕ ಕಾಯಿಲೆಯ ಮಾತ್ರೆಗಳನ್ನು ಗಲಾಟೆ ಮಾಡುವವರಿಗೆ ಬರೆಸುತ್ತಾರೆ. ಡಿಮೆನ್ಷಿಯಾ ಇರುವ ವಯಸ್ಸಾದವರಲ್ಲಿ ಇವು ಸಾವಿನ ಅಪಾಯ ಹೆಚ್ಚಿಸುತ್ತವೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಆ ಜಾತಿಯ ಹೊಸ ಮಾತ್ರೆಗಳ ಮೇಲೆ ದೊಡ್ಡ ಎಚ್ಚರಿಕೆ ಹಾಕಿಸಿದೆ. ಯಾವಾಗಲೂ ತಪ್ಪು ಅಂತ ಹೇಳುತ್ತಿಲ್ಲ, ಕೆಲವರಿಗೆ ಬೇಕೇ ಆಗಬಹುದು, ಅದು ಡಾಕ್ಟರು ಮತ್ತು ನೀವು ಕೂತು ಮಾತಾಡಿ ಆಗಬೇಕಾದ ತೀರ್ಮಾನ. ಆದರೆ ಚಡಪಡಿಕೆ ಬಂದ ತಕ್ಷಣ ಮೊದಲ ಉಪಾಯ ಮಾತ್ರೆ ಆಗಬಾರದು. ಇದ್ದಕ್ಕಿದ್ದ ಹಾಗೆ ಎರಡು ದಿನದಲ್ಲಿ ಮನುಷ್ಯ ಬದಲಾದರೆ ಮೂತ್ರದ ಸೋಂಕು, ಮಲಬದ್ಧತೆ, ಹಲ್ಲುನೋವು, ಏನೋ ಇರಬಹುದು, ಹೇಳಲು ಅವರಿಗೆ ಬರುವುದಿಲ್ಲ. "ಹಾಗಾದಾಗ ಮೊದಲು ಏನು ನೋಡುತ್ತೀರಾ?" ಅಂತ ಕೇಳಿ. ಸೋಂಕಿನ ಮಾತು, ನೋವಿನ ಮಾತು ಅವರ ಬಾಯಲ್ಲೇ ಮೊದಲು ಬರಬೇಕು.

ಕೆಲಸದವರನ್ನು ಮಾತಾಡಿಸಿ, ಮ್ಯಾನೇಜರ್ ಪಕ್ಕದಲ್ಲಿ ಇಲ್ಲದಾಗ. ಎಷ್ಟು ವರ್ಷದಿಂದ ಇದ್ದೀರಾ, ಇವತ್ತು ರಾತ್ರಿ ಎಷ್ಟು ಜನ, ಅವರು ಎಚ್ಚರವಾಗಿರುತ್ತಾರಾ ಇಲ್ಲ ಮಲಗುತ್ತಾರಾ? ಆರು ಹಾಸಿಗೆಯ ಮನೆಗಳಲ್ಲಿ ರಾತ್ರಿಯವರು ಮಲಗುವುದೂ ಉಂಟು. ನಿಮ್ಮ ಅತ್ತೆಯವರಿಗೆ ಅದು ಆಗುವುದಿಲ್ಲ, ಎಚ್ಚರವಿರುವವರು ಬೇಕೇ ಬೇಕು. ಅಲ್ಲಿರುವ ಅಜ್ಜಿಯೊಬ್ಬರನ್ನು ತೋರಿಸಿ "ಇವರು ಮೊದಲು ಏನು ಕೆಲಸ ಮಾಡ್ತಿದ್ದರು?" ಅಂತ ಕೇಳಿ. ಗೊತ್ತಿದ್ದರೆ ಆ ಮನೆಯಲ್ಲಿ ಅಜ್ಜಿಯನ್ನು ಮನುಷ್ಯಳಾಗಿ ನೋಡುತ್ತಾರೆ.

ದುಡ್ಡಿನದು ಬೇಗ ಹೇಳಿಬಿಡುತ್ತೇನೆ. ರೂಮು, ಊಟ, ಆರೈಕೆಗೆ ಮೆಡಿಕೇರ್ ಕೊಡುವುದಿಲ್ಲ. ಆದಾಯ ಕಡಿಮೆ ಇರುವವರಿಗೆ ರಾಜ್ಯದ ವಿಮೆ ಮೆಡಿ-ಕ್ಯಾಲ್, ಅದರಲ್ಲಿ ಇಂಥ ಮನೆಯ ಆರೈಕೆಗೆ ದುಡ್ಡು ಕೊಡುವ ಅಸಿಸ್ಟೆಡ್ ಲಿವಿಂಗ್ ವೇವರ್ ಅನ್ನುವ ಯೋಜನೆ ನಮ್ಮ ಅಲಮೇಡಾ ಕೌಂಟಿಯಲ್ಲಿದೆ, ಆದರೆ ಕಾಯಬೇಕಾಗುತ್ತದೆ, ಎಲ್ಲ ಮನೆಗಳೂ ತೆಗೆದುಕೊಳ್ಳುವುದಿಲ್ಲ. ಮೊದಲು ಹೇಳುವ ಬಾಡಿಗೆಯ ಮೇಲೆ ಆರೈಕೆಯ ಮಟ್ಟ ಅಂತ ಬೇರೆ ಸೇರಿಸುತ್ತಾರೆ, ಅದು ಏರುತ್ತಲೇ ಹೋಗುತ್ತದೆ, ಹೇಗೆ ಏರುತ್ತದೆ ಅಂತ ಬರೆದು ಕೊಡಲು ಹೇಳಿ. ಉಚಿತವಾಗಿ ಮನೆ ಹುಡುಕಿ ಕೊಡ್ತೀವಿ ಅನ್ನುವ ಏಜೆಂಟರಿಗೆ ಸಾಮಾನ್ಯವಾಗಿ ಆ ಮನೆಯವರೇ ಕಮಿಷನ್ ಕೊಡುತ್ತಾರೆ. ಅವರಿಗೆ ಕಮಿಷನ್ ಕೊಡದ ಮನೆ ಅವರ ಪಟ್ಟಿಯಲ್ಲಿ ಇರುವುದಿಲ್ಲ. ಅಪ್ಪನ ಎರಡನೇ ಮನೆ ಯಾವ ಏಜೆಂಟನ ಪಟ್ಟಿಯಲ್ಲೂ ಇರಲಿಲ್ಲ, ಲಿವರ್‌ಮೋರ್ ದೇವಸ್ಥಾನದಲ್ಲಿ ಸಿಕ್ಕಿದ ಒಬ್ಬ ಗುಜರಾತಿ ಅಮ್ಮ ಹೇಳಿದ್ದು.

ಇದನ್ನು ಕೇಳಲು ಬಾಯಿ ಬರುವುದಿಲ್ಲ, ಆದರೂ ಕೇಳಿ: ಕೊನೆಯವರೆಗೂ ಇಟ್ಟುಕೊಳ್ಳುತ್ತೀರಾ? ಇಲ್ಲಿ ಹಾಸ್ಪಿಸ್, ಅಂದರೆ ಕೊನೆಗಾಲದ ಆರೈಕೆಯಲ್ಲಿರುವವರನ್ನು ಇಟ್ಟುಕೊಳ್ಳಲು ಮನೆಯವರ ಬಳಿ ಹಾಸ್ಪಿಸ್ ವೇವರ್ ಅನ್ನುವ ಅನುಮತಿ ಇರಬೇಕು. ಇಲ್ಲದಿದ್ದರೆ ಕೊನೆಯ ದಿನಗಳಲ್ಲಿ ಬೇರೆ ಕಡೆಗೆ ಸಾಗಿಸಬೇಕಾಗುತ್ತದೆ. ಅಪ್ಪ ತಮ್ಮ ಮಂಚದ ಮೇಲೇ, ಆ ಹಾಳೆಯ ಕೆಳಗೇ ಹೋದರು. ಅದೊಂದು ಸಮಾಧಾನ ನನಗೆ ಇವತ್ತಿಗೂ ಇದೆ.

ಸೇರಿಸಿದ ಮೇಲೂ ಒಂದೇ ಹೊತ್ತಿಗೆ ಹೋಗಬೇಡಿ. ಒಂದು ಭಾನುವಾರ, ಒಂದು ದಿನ ಬೆಳಗ್ಗೆ ಏಳಕ್ಕೆ. ಉಗುರು, ಹಲ್ಲು, ಕನ್ನಡಕದ ಗಾಜು ನೋಡಿ. ಸರಿ ಇಲ್ಲ ಅನಿಸಿದರೆ ಗೋಡೆಯ ಮೇಲೆ ಆಂಬುಡ್ಸ್‌ಮನ್ ಅನ್ನುವವರ ಫೋನ್ ನಂಬರ್ ಹಾಕಿರುತ್ತಾರೆ, ಹಾಕಲೇಬೇಕು. ಅಲ್ಲಿರುವವರ ಪರವಾಗಿ ಮಾತಾಡುವುದೇ ಅವರ ಕೆಲಸ, ದುಡ್ಡು ಕೇಳುವುದಿಲ್ಲ. ನಾನು ಐದನೇ ತಿಂಗಳಿಗೆ ಫೋನ್ ಮಾಡಿದೆ, ಎರಡನೇ ತಿಂಗಳಿಗೇ ಮಾಡಬೇಕಿತ್ತು. ರಾತ್ರಿ ಹೊತ್ತು ತೋಚದೇ ಹೋದರೆ ಆಲ್ಝೈಮರ್ಸ್ ಅಸೋಸಿಯೇಷನ್ ನಂಬರ್ 1-800-272-3900, ಯಾವಾಗ ಮಾಡಿದರೂ ಎತ್ತುತ್ತಾರೆ.

ನೋಡಿದ ಮೂರರಲ್ಲಿ ನಿಮಗೆ ಯಾವುದು ಸ್ವಲ್ಪ ಇಷ್ಟವಾಯಿತೋ ಅದಕ್ಕೆ ಬರುವ ಮಂಗಳವಾರ ಸಂಜೆ ಹೋಗೋಣ, ನಾನೂ ಬರುತ್ತೇನೆ, ನಾಲ್ಕೂವರೆಗೆ ನಿಮ್ಮ ಮನೆ ಹತ್ತಿರ ಇರುತ್ತೇನೆ. ಅಷ್ಟರಲ್ಲಿ ಅತ್ತೆಯವರು ನೀರಿಗೆ, ಊಟಕ್ಕೆ, ಬಾತ್‌ರೂಮಿಗೆ, ನೋವಿಗೆ ಏನೇನು ಅನ್ನುತ್ತಾರೆ ಅಂತ ಅವರ ಬಾಯಲ್ಲಿ ಬರುವ ಹಾಗೇ ಬರೆದಿಡಿ. ಸಂಜೆ ಹೊತ್ತು ಯಾರನ್ನು ಕೇಳುತ್ತಾರೆ ಅಂತಲೂ.