ಪುಣೆಯ ಚಳಿಗೆ ಹೊಟ್ಟೆ ತುಂಬಿಸುವ ಬಿಸಿ ಸಲಾಡ್

ನಿಮ್ಮ ಪ್ರಶ್ನೆ ಇಷ್ಟು: ಪುಣೆಯಲ್ಲಿ ರಾತ್ರಿ ಊಟಕ್ಕೆ ಸೌತೆಕಾಯಿ-ಟೊಮೆಟೊ ಸಲಾಡ್ ತಿನ್ನುತ್ತೀರಿ, ಡಿಸೆಂಬರ್ ಚಳಿಗೆ ಅದು ಬಾಯಿಗೆ ಹಿತವಾಗುತ್ತಿಲ್ಲ, ಹತ್ತು ಗಂಟೆಗೆ ಮತ್ತೆ ಹಸಿವು. ಹಸಿವಾಗದೆ ಇನ್ನೇನು, ಸೌತೆಕಾಯಿಯಲ್ಲಿ ಇರುವುದೆಲ್ಲ ನೀರೇ. ಚಳಿಗಾಲಕ್ಕೆ ಲೆಕ್ಕ ತಿರುಗಿಸಿ: ಮುಕ್ಕಾಲು ಪಾಲು ಬಿಸಿ ಕಾಳು, ಜೋಳ, ಗೆಣಸು, ಕಾಲು ಪಾಲು ಮಾತ್ರ ಹಸಿ ತರಕಾರಿ.

ಇಬ್ಬರಿಗೆ 100 ಗ್ರಾಂ ಕರಿ ಕಡಲೆ, 50 ಗ್ರಾಂ ಬಿಳಿ ಜೋಳ ಬೇರೆ ಬೇರೆಯಾಗಿ 10 ತಾಸು ನೆನೆಸಿ. ಒಂದೇ ಕುಕ್ಕರಿನಲ್ಲಿ ಎರಡು ಪಾತ್ರೆ ಇಟ್ಟು, ಕಡಲೆಗೆ ಅರ್ಧ ಚಮಚ ಉಪ್ಪು ಹಾಕಿ, ಮೊದಲ ಸೀಟಿ ಆದ ಮೇಲೆ ಸಣ್ಣ ಉರಿಯಲ್ಲಿ 20-25 ನಿಮಿಷ ಬೇಯಿಸಿ. ಕಡಲೆ ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಸಿಪ್ಪೆ ಬಿಡಬಾರದು. ಜೋಳ ಅಗಿಯುವಷ್ಟು ಗಟ್ಟಿ ಇದ್ದರೇ ಚೆಂದ. ಈ ದಿನಗಳಲ್ಲಿ ಹುರಡಾ, ಅಂದರೆ ನಮ್ಮ ಸೀತನಿ (ಎಳೆ ಜೋಳದ ತೆನೆ), ಸಿಕ್ಕರೆ ಜೋಳ ಬೇಯಿಸುವ ಗೋಜೇ ಬೇಡ. ಸುಟ್ಟು ಉದುರಿಸಿದ ಒಂದು ಹಿಡಿ ಹಾಗೇ ಸುರಿಯಿರಿ.

ಗೆಣಸು (ತರಕಾರಿ ಮಾರುಕಟ್ಟೆಯಲ್ಲಿ ‘ರತಾಳೆ’ ಎಂದು ಕೇಳಿ) 200 ಗ್ರಾಂ. ಬೇಯಿಸಬೇಡಿ, ನೀರು ಕುಡಿದು ಕಲಸುವಾಗ ಮುದ್ದೆಯಾಗುತ್ತದೆ. ಎರಡು ಸೆಂಟಿಮೀಟರಿನ ತುಂಡು ಮಾಡಿ, ಬಟ್ಟೆಯಲ್ಲಿ ಒರೆಸಿ, ದಪ್ಪ ತಳದ ಬಾಣಲೆಯಲ್ಲಿ ಒಂದು ದೊಡ್ಡ ಚಮಚ ಶೇಂಗಾ ಎಣ್ಣೆಗೆ ಹಾಕಿ. ಮುಚ್ಚಿ ಏಳು ನಿಮಿಷ, ತೆಗೆದು ಐದು ನಿಮಿಷ. ತೆಗೆದ ಮೇಲೆ ಪದೇಪದೇ ಕೈಯಾಡಿಸಿದರೆ ಅಂಚು ಕೆಂಪಾಗುವುದಿಲ್ಲ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಕಡಲೆ ಆರಿದ ಮೇಲೆ ನಿಂಬೆರಸ ಹಿಂಡುತ್ತಾರೆ. ರಸ ತಳಕ್ಕಿಳಿದು ಕಾಳು ಸಪ್ಪೆ ಉಳಿಯುತ್ತದೆ. ಬಿಸಿ ಕಾಳು ರುಚಿ ಹೀರುತ್ತದೆ, ಆರಿದ್ದು ಅಷ್ಟಾಗಿ ಹೀರುವುದಿಲ್ಲ. ಹಾಗಾಗಿ ಕಾಳು, ಜೋಳ ಎರಡನ್ನೂ ಪೂರ್ತಿ ಬಸಿದು, ಹಬೆಯಾಡುತ್ತಿರುವಾಗಲೇ ಎರಡು ದೊಡ್ಡ ಚಮಚ ನಿಂಬೆರಸ, ಜಜ್ಜಿದ ಅರ್ಧ ಇಂಚು ಶುಂಠಿ, ಅರ್ಧ ಚಮಚ ಬೆಲ್ಲದ ಪುಡಿ, ಚಿಟಿಕೆ ಕರಿಮೆಣಸು ಸೇರಿಸಿ ಹತ್ತು ನಿಮಿಷ ಮುಚ್ಚಿಡಿ. ಕೊನೆಯ ಎರಡು ನಿಮಿಷಕ್ಕೆ ಒಂದು ಹಿಡಿ ಹೆಚ್ಚಿದ ಮೆಂತ್ಯ ಸೊಪ್ಪು ಮೇಲೆ ಹರಡಿದರೆ ಆ ಬಿಸಿಗೇ ಬಾಡಿ ಹಸಿ ವಾಸನೆ ಹೋಗುತ್ತದೆ. ಮೊದಲೇ ಹಾಕಿದರೆ ಹುಳಿಗೆ ಬಣ್ಣಗೆಟ್ಟು ಮಂಕಾಗುತ್ತದೆ.

ಒಗ್ಗರಣೆಗೆ ತೆಂಗಿನೆಣ್ಣೆ ಬೇಡ. ಸುಮಾರು 24 ಡಿಗ್ರಿಯ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಜನವರಿಯಲ್ಲಿ ಇಲ್ಲಿನ ಅಡುಗೆಮನೆ ಅದಕ್ಕಿಂತ ತಣ್ಣಗಿರುತ್ತದೆ. ತಣ್ಣನೆ ಮೂಲಂಗಿಯ ಮೇಲೆ ಬಿದ್ದ ಎಣ್ಣೆ ಮೇಣದ ಹಾಗೆ ಅಂಗುಳಕ್ಕೆ ಅಂಟುತ್ತದೆ. ತುಪ್ಪದ್ದೂ ಅದೇ ಕಥೆ. ಶೇಂಗಾ ಎಣ್ಣೆ ಅಥವಾ ಎಳ್ಳೆಣ್ಣೆ ಒಂದು ದೊಡ್ಡ ಚಮಚ, ಸಾಸಿವೆ, ಇಂಗು, ಎರಡು ಹಸಿಮೆಣಸಿನಕಾಯಿ, ಕರಿಬೇವು ಸಾಕು.

ಹಸಿ ಪಾಲಿಗೆ ಒಂದು ಕೆಂಪು ಗಜ್ಜರಿ, ಅರ್ಧ ಮೂಲಂಗಿ, ಸಣ್ಣಗೆ ಕತ್ತರಿಸಿ. ತುರಿಯಬೇಡಿ, ತುರಿದದ್ದು ಬೇಗ ನೀರು ಬಿಡುತ್ತದೆ. ಫ್ರಿಜ್ಜಿನಿಂದ ಅಡುಗೆ ಶುರುವಿಗೇ ತೆಗೆದಿಟ್ಟರೆ ಬಟ್ಟಲು ತಣ್ಣಗಾಗುವುದಿಲ್ಲ. ಇದಕ್ಕೆ ಉಪ್ಪು ಬಡಿಸುವ ಹೊತ್ತಿಗೆ ಮಾತ್ರ. ಕೊನೆಗೆ ಎಲ್ಲವನ್ನೂ ಕಲಸಿ, ಮೂರು ದೊಡ್ಡ ಚಮಚ ಹುರಿದ ಶೇಂಗಾ ಪುಡಿ, ತರಿತರಿಯಾಗಿ ಕುಟ್ಟಿದ್ದು. ಮರಾಠಿ ಮನೆಗಳಲ್ಲಿ ಕೋಶಿಂಬೀರಿಗೆ ಇದನ್ನು ಸುಮ್ಮನೆ ಹಾಕುವುದಿಲ್ಲ: ತರಕಾರಿ ಬಿಟ್ಟ ನೀರನ್ನು ಹೀರಿಕೊಳ್ಳುತ್ತದೆ, ಹೊಟ್ಟೆಗೂ ಆಧಾರ. ಗುರೆಳ್ಳು ಚಟ್ನಿಪುಡಿ ಒಂದು ಚಮಚ ಉದುರಿಸಿದರೆ ನನ್ನ ಪ್ರಕಾರ ಬೇರೆ ಯಾವ ಡ್ರೆಸಿಂಗೂ ಬೇಕಿಲ್ಲ.

ಕಡಲೆ ಬದಲು ಮಡಿಕೆ ಕಾಳು, ಇಲ್ಲಿನ ಮಟಕಿ, ಆಗುತ್ತದೆ. ಬೇಸಿಗೆಯಲ್ಲಿ ಒಂದು ರಾತ್ರಿಗೆ ಮೊಳೆಯುವುದು ಈಗ ಇಡೀ ದಿನ ತೆಗೆದುಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಕಟ್ಟಿ ಹಾಟ್‌ಬಾಕ್ಸಿನಲ್ಲಿಡಿ. ಮೊಳಕೆಯನ್ನು ಹಸಿಯಾಗಿ ತಿನ್ನಬೇಡಿ, ಅದೇ ಬೆಚ್ಚನೆ ತೇವದಲ್ಲಿ ಕೆಟ್ಟ ಬ್ಯಾಕ್ಟೀರಿಯವೂ ಬೆಳೆಯುತ್ತದೆ. ಏಳೆಂಟು ನಿಮಿಷ ಹಬೆ ಕೊಡಿ.

ಮುಂಬೈಯವರು ಇದನ್ನು ಓದಿ ನಕ್ಕರೆ ನಗಲಿ, ಅಲ್ಲಿನ ಚಳಿಗೆ ಹೆಸರುಬೇಳೆ ಕೋಸಂಬರಿಯೇ ಸಾಕು.

ಮರುದಿನದ ಡಬ್ಬಿಗಾದರೆ ಕಾಳು-ಜೋಳ ಮಾತ್ರ ಫ್ರಿಜ್ಜಿನಲ್ಲಿಡಿ. ಜೋಳ ಕಲ್ಲಾಗಿರುತ್ತದೆ, ಹೆದರಬೇಡಿ. ಚಮಚ ನೀರು ಚಿಮುಕಿಸಿ ಮೂರು ನಿಮಿಷ ಹಬೆಯಲ್ಲಿಟ್ಟರೆ ಮೆತ್ತಗಾಗುತ್ತದೆ. ಮೊಸರು ಬೇಕೆನ್ನುವವರು ಬಟ್ಟಲು ಉಗುರು ಬೆಚ್ಚಗಾದ ಮೇಲೆ ಬೆರೆಸಿ, ಬಿಸಿಗೆ ಹಾಕಿದರೆ ಒಡೆಯುತ್ತದೆ.